ಕಾಲರ್ ಚುಚ್ಚುತ್ತೆ ಅಂತ ಅವನು ಹೇಳಿದ್ದ

ಶಾಲೆಯ ರಜೆ ಮುಗಿಯುತ್ತ ಬಂದರೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಡೆ ನೀಲಿ ಬಟ್ಟೆಯ ಥಾನು, ಇನ್ನೊಂದು ಕಡೆ ಬಿಳಿ ಬಟ್ಟೆಯ ಥಾನು, ನಡುವೆ ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು. ಬೀದಿಯ ಮಕ್ಕಳೆಲ್ಲ ಯೂನಿಫಾರ್ಮಿಗೆ ಅಳತೆ ಕೊಡಲು ಬರುತ್ತಾರೆ.

"ಅಕ್ಕ, ನಮ್ಮವನ ಪ್ಯಾಂಟು ಎರಡಿಂಚು ಒಳಗೆ ಮಡಚಿಡಿ. ಊಟ ಹೊಟ್ಟೆಗೆ ಹೋಗ್ತಿಲ್ಲ, ಕಾಲಿಗೆ ಹೋಗ್ತಿದೆ!" ಎನ್ನುತ್ತಾಳೆ ಒಬ್ಬ ತಾಯಿ.

ಹೊಸ ಬಟ್ಟೆಯ ವಾಸನೆ ನೋಡಿ ಅವರ ಮಕ್ಕಳು ಕುಣಿಯುತ್ತಾರೆ. ನನ್ನ ಮಗಳು ಮಾತ್ರ ನೀಲಿ ಥಾನು ಬಿಚ್ಚಿದ ದಿನದಿಂದಲೇ ಮೇಜಿನ ಕೆಳಗೆ ಸೇರಿಕೊಳ್ಳುತ್ತಾಳೆ.

ಅವಳಿಗೆ ಒಂಬತ್ತು ವರ್ಷ. ಮನೆಯಲ್ಲಿ ನಾವು ಅವಳನ್ನು 'ಇರುವೆ' ಎಂದು ಕರೆಯುತ್ತೇವೆ. ಗುಂಡಿಗಳ ಡಬ್ಬಿ ಕೊಟ್ಟರೆ ಸಾಲಾಗಿ ಜೋಡಿಸುತ್ತ ಊಟವನ್ನೂ ಮರೆಯುತ್ತಾಳೆ. ಒಂದು ಗುಂಡಿ ಜರುಗಿಸಿದರೆ ಮನೆ ಹಾರಿಹೋಗುವ ಹಾಗೆ ಕಿರುಚುತ್ತಾಳೆ. ಮಾತು ಬರುತ್ತದೆ, ಆದರೆ ಬೇಕೆನಿಸಿದಾಗ ಮಾತ್ರ. ಕುಕ್ಕರ್ ಕೂಗುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಾಳೆ.

ಹಿಂದಿನ ವರ್ಷ ಶಾಲೆ ತೆರೆದ ದಿನ ಏನಾಯಿತೆಂದು ಹೇಳಿಬಿಡುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎರಡು ತಿಂಗಳು ಮನೆಯಲ್ಲಿದ್ದ ಮಗು. ಹೊಸ ತರಗತಿ, ಹೊಸ ಕೋಣೆ, ಹೊಸ ಟೀಚರ್. ಗೇಟಿನ ಕಂಬಿ ಹಿಡಿದುಕೊಂಡವಳು ಬಿಡಲಿಲ್ಲ. ನಾನು ಒಂದೊಂದೇ ಬೆರಳು ಬಿಡಿಸಿದೆ. ಅವಳು ಮತ್ತೆ ಹಿಡಿದಳು. ಹತ್ತಾರು ಜನ ನೋಡುತ್ತಿದ್ದರು. ಯಾರೋ ನಕ್ಕರು. ನಾನು ಅವಳ ಕೆನ್ನೆಗೆ ಹೊಡೆದೆ.

ಕೈ ತಕ್ಷಣ ಬಿಟ್ಟಳು. ಒಳಗೆ ಹೋದಳು. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಆ ವರ್ಷವಿಡೀ ಅವಳು ಶಾಲೆಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಬೆಳಿಗ್ಗೆಯಾದರೆ ಹೊಟ್ಟೆನೋವು, ವಾಂತಿ. ಅಂಕಪಟ್ಟಿಯ ಮೇಲೆ ಟೀಚರ್ ಬರೆದಿದ್ದರು: 'ಹಠಮಾರಿ. ಗಮನವಿಲ್ಲ.' ನನಗೂ ಅದು ಸರಿ ಎನಿಸಿತ್ತು.

ಈ ವರ್ಷ ರಜೆ ಮುಗಿಯಲು ಇನ್ನೂ ಮೂರು ವಾರವಿತ್ತು. ಅವಳ ಹೊಸ ಶರ್ಟು ಹೊಲಿದು ಮುಗಿಸಿದ್ದೆ. ಅಳತೆ ನೋಡಬೇಕಿತ್ತು. ಬಾ ಎಂದರೆ ಬರಲಿಲ್ಲ. ಹಿಡಿದೆಳೆದು ತೊಡಿಸಿದೆ. ಮೇಲಿನ ಗುಂಡಿ ಹಾಕುವಾಗ ನನ್ನ ಮುಂಗೈ ಕಚ್ಚಿದಳು. ಕಾಲರ್ ಕಿತ್ತು ಬರುವ ಹಾಗೆ ಎಳೆದಳು. ಗುಂಡಿ ಎಲ್ಲೋ ಹಾರಿತು. ಅವಳು ಮೇಜಿನ ಕೆಳಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು.

ಒಳಗಿನಿಂದ ನಮ್ಮತ್ತೆ ಬಂದರು. ನನ್ನ ಗಂಡ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಹಾಗಾಗಿ ಮನೆಯ ಯಜಮಾನಿಕೆ ಅತ್ತೆಯದೇ.

"ನೀನು ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸಿಕೊಂಡಿದೀಯ," ಎಂದರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಎರಡು ಬಿಡು. ಎರಡು ದಿನ ಅಳ್ತಾಳೆ, ಮೂರನೇ ದಿನ ತಾನೇ ಹೋಗ್ತಾಳೆ."

ಅಷ್ಟರಲ್ಲಿ ನನ್ನ ತಮ್ಮ ಬಾಗಿಲಲ್ಲಿ ನಿಂತಿದ್ದ. ಅವನು ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾನೆ. ಮೂವತ್ತೈದು ವರ್ಷ. ಮದುವೆಯಾಗಿಲ್ಲ. ಹತ್ತು ಮಾತಿಗೆ ಒಂದು ಮಾತು ಆಡುವವನು, ಅದನ್ನೂ ಮೆಷಿನ್ನಿನ ಕಡೆ ನೋಡಿಕೊಂಡೇ ಆಡುವವನು. ಬಟ್ಟೆಯ ಅಂಚು ಹೊಲಿಯುವ ನನ್ನ ಓವರ್‌ಲಾಕ್ ಮೆಷಿನ್ನಿನ ಮೋಟರ್ ಸರಿಮಾಡಿ ತಂದಿದ್ದ. ಅದನ್ನು ಕೆಳಗಿಟ್ಟು, ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮಗುವಿನ ಮುಖ ನೋಡಲಿಲ್ಲ. ನೆಲ ನೋಡಿಕೊಂಡು ಕೇಳಿದ:

"ಕತ್ತಿನ ಹತ್ರಾನಾ?"

ತಲೆ ಚಚ್ಚಿಕೊಳ್ಳುವುದು ನಿಂತಿತು. ಮೇಜಿನ ಕೆಳಗಿನಿಂದ ಸಣ್ಣ ದನಿ ಬಂತು. "ಹ್ಞೂಂ ಮಾವ. ಉರೀತಿದೆ."

"ಹಿಂದುಗಡೆನಾ?"

"ಹಿಂದುಗಡೆ."

ನಾನು ಬೆರಗಾಗಿ ನಿಂತೆ. ಒಂದು ವರ್ಷದಿಂದ ಮಗಳನ್ನು 'ಯಾಕೆ, ಯಾಕೆ' ಎಂದು ಕೇಳಿದ್ದೆನೇ ಹೊರತು 'ಎಲ್ಲಿ' ಎಂದು ಒಮ್ಮೆಯೂ ಕೇಳಿರಲಿಲ್ಲ.

ತಮ್ಮ ಎದ್ದು ನಿಂತ. "ಅಕ್ಕ, ಹೊಸ ಕಾಲರ್ ಒಳಗೆ ಗಟ್ಟಿ ನಿಲ್ಲಲಿ ಅಂತ ಕ್ಯಾನ್ವಾಸ್ ಇಡ್ತೀಯಲ್ಲ, ಅದು ಗರಗಸದ ಥರ ಕೊಯ್ಯುತ್ತೆ. ಎಲ್ಲರಿಗೂ ಅಲ್ಲ. ನನಗೆ ಕೊಯ್ತಿತ್ತು."

"ನಿನಗಾ? ಯಾವತ್ತೂ ಹೇಳಲೇ ಇಲ್ವಲ್ಲೋ!"

"ಹೇಳಿದ್ದೆ," ಎಂದ ಅವನು. ಕೋಪವಿರಲಿಲ್ಲ. ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದೇನೆ ಎನ್ನುವ ದನಿಯಲ್ಲೇ ಹೇಳಿದ. "ಕಾಲರ್ ಚುಚ್ಚುತ್ತೆ ಅಂತ ದಿನಾ ಹೇಳ್ತಿದ್ದೆ. ನೀನು ಬೆಲ್ಟ್ ಕಟ್ತಿದ್ದೆ."

ಮೋಟರ್ ಜೋಡಿಸಿ ಹೊರಟುಹೋದ. ನಾನು ಅಲ್ಲೇ ಕೂತೆ.

ಬೆಲ್ಟಿನ ವಿಷಯ ನಾನು ಮರೆತಿದ್ದೆ. ಮರೆತಿರಲಿಲ್ಲ, ಬೇರೆ ಥರ ನೆನಪಿಟ್ಟುಕೊಂಡಿದ್ದೆ. ನನಗಾಗ ಹನ್ನೊಂದು, ಅವನಿಗೆ ಏಳು. ಅಪ್ಪ ಇರಲಿಲ್ಲ. ಅಮ್ಮ ಬೆಳಕು ಹರಿಯುವ ಮುಂಚೆ ಆಸ್ಪತ್ರೆಯ ಬಟ್ಟೆ ಒಗೆಯಲು ಹೋಗುತ್ತಿದ್ದಳು. 'ತಮ್ಮನ್ನ ಸ್ಕೂಲಿಗೆ ಮುಟ್ಟಿಸೋದು ನಿನ್ನ ಕೆಲಸ' ಎಂದು ಹೇಳಿ ಹೋಗುತ್ತಿದ್ದಳು. ಅವನು ದಾರಿಯಲ್ಲಿ ಕೈ ಕೊಸರಿಕೊಂಡು ಓಡುತ್ತಿದ್ದ. ಹಿಡಿದು ತರುವಷ್ಟರಲ್ಲಿ ನನಗೂ ತಡವಾಗಿ ನಾನೂ ಬಿಸಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಅದಕ್ಕೆ ಅವನ ಸ್ಕೂಲು ಬೆಲ್ಟನ್ನೇ ಬಿಚ್ಚಿ ಅವನ ಮಣಿಕಟ್ಟಿಗೂ ನನ್ನ ಮಣಿಕಟ್ಟಿಗೂ ಸೇರಿಸಿ ಕಟ್ಟುತ್ತಿದ್ದೆ. 'ಜೋಡೆತ್ತು ಬಂತು, ಜೋಡೆತ್ತು ಬಂತು' ಎಂದು ಮಕ್ಕಳು ಕೂಗುತ್ತಿದ್ದರು. ನಾನೂ ನಗುತ್ತಿದ್ದೆ. ಇಷ್ಟು ವರ್ಷ ಅದನ್ನು ತಮಾಷೆ ಎಂದೇ ನಾಲ್ಕು ಜನರ ಮುಂದೆ ಹೇಳಿಕೊಂಡು ಬಂದಿದ್ದೆ. ಅವನ ಎದುರಿಗೂ ಹೇಳಿದ್ದೆ.

ಅವನು ದಿನಾ ಎರಡು ಮಾತು ಹೇಳುತ್ತಿದ್ದ. ಕಾಲರ್ ಚುಚ್ಚುತ್ತೆ. ಗಂಟೆ ತಲೆ ಒಳಗೆ ಹೊಡೆಯುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನದೂ ಅದೇ ಕಥೆ ಎಂದು ನಾವೆಲ್ಲ ತೀರ್ಮಾನಿಸಿದೆವು.

ಐದನೇ ತರಗತಿಗೆ ಬಂದಾಗ, ಉದ್ದ ರಜೆ ಮುಗಿದು ಶಾಲೆ ತೆರೆದ ಮೊದಲ ದಿನ, ಅವರ ತರಗತಿಯನ್ನು ಮಹಡಿಗೆ ಹಾಕಿದ್ದರು. ಕಬ್ಬಿಣದ ಗಂಟೆ ಆ ಕೋಣೆಯ ಬಾಗಿಲ ಪಕ್ಕದಲ್ಲೇ ತೂಗುತ್ತಿತ್ತು. ಅವನಿಗೆ ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಗಂಟೆ ಹೊಡೆದಾಗ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಓಡಿದ. ಮೆಟ್ಟಿಲಲ್ಲಿ ಹಿಡಿದುಕೊಳ್ಳಲು ಕೈ ಖಾಲಿಯಿರಲಿಲ್ಲ. ಕೆಳಗೆ ಬಿದ್ದು ಮುಂದಿನ ಹಲ್ಲು ಎರಡು ಮುರಿದವು, ಎಡಗೈ ಮುರಿಯಿತು. ಕೈ ಕೂಡಿದ ಮೇಲೂ ಅವನು ಶಾಲೆಗೆ ಹೋಗಲಿಲ್ಲ. 'ಅವನ ತಲೆಗೆ ವಿದ್ಯೆ ಹತ್ತಲ್ಲ' ಎಂದು ಅಮ್ಮ ಕೈಚೆಲ್ಲಿದಳು.

ಆ ದಿನ ನನಗೆ ಏನನಿಸಿತು ಗೊತ್ತೇ? ಸಮಾಧಾನವಾಯಿತು. ಇನ್ನು ಮೇಲೆ ನಾನೊಬ್ಬಳೇ ಕೈಬೀಸಿಕೊಂಡು ಹೋಗಬಹುದು ಎನಿಸಿತು.

ಅವನೇ ಇಂದು ಕಣ್ಣು ಮುಚ್ಚಿಕೊಂಡು ಶಬ್ದ ಕೇಳಿಯೇ ಮೆಷಿನ್ನಿನ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಾನೆ. ಆದರೆ ಒಂದು ಅರ್ಜಿ ತುಂಬಬೇಕಾದರೆ ನನ್ನ ಹತ್ತಿರ ಬರುತ್ತಾನೆ.

ಮಾರನೆಯ ದಿನ 'ಸೈಕಲ್ ಟೀಚರ್' ಅಂಗಡಿಗೆ ಬಂದರು. ನಾಲ್ಕು ಶಾಲೆಗೆ ಸೈಕಲ್ಲಿನಲ್ಲೇ ತಿರುಗುವುದರಿಂದ ಮಕ್ಕಳಿಟ್ಟ ಹೆಸರು ಅದು. ಬೇರೆ ರೀತಿಯಲ್ಲಿ ಕಲಿಯುವ ಮಕ್ಕಳಿಗೆ ಸಹಾಯ ಮಾಡುವುದು ಅವರ ಕೆಲಸ. ಸೊಂಟ ಬಿಗಿಯಾದ ಒಂದು ಪ್ಯಾಂಟು ಸಡಿಲ ಮಾಡಿಸಿಕೊಳ್ಳಲು ಬಂದಿದ್ದರು. ಮೇಜಿನ ಕೆಳಗಿದ್ದ ಮಗಳನ್ನು ನೋಡಿದರು. 'ಬಾ ಪುಟ್ಟ, ಹೆಸರೇನು, ಎಷ್ಟನೇ ಕ್ಲಾಸು' ಎಂದು ಎಲ್ಲರ ಹಾಗೆ ಮಾತನಾಡಿಸಲಿಲ್ಲ. ನೆಲದ ಮೇಲೆ ಬಿದ್ದಿದ್ದ ಒಂದು ಗುಂಡಿ ಎತ್ತಿ ಅವಳ ಸಾಲಿನ ಹತ್ತಿರ ಇಟ್ಟು ಸುಮ್ಮನಾದರು. ಇರುವೆ ಆ ಗುಂಡಿಯನ್ನು ತೆಗೆದುಕೊಂಡು ಬೇರೆ ಜಾಗದಲ್ಲಿಟ್ಟಳು.

"ತಪ್ಪು ಜಾಗದಲ್ಲಿ ಇಟ್ಟಿದ್ದೆ ಅನ್ಸುತ್ತೆ," ಎಂದು ಟೀಚರ್ ನಕ್ಕರು.

ನನಗೆ ತಡೆಯಲಾಗಲಿಲ್ಲ. ಹಿಂದಿನ ವರ್ಷದ ಏಟು, ಹೊಟ್ಟೆನೋವು, ಕಾಲರ್, ತಮ್ಮ, ಎಲ್ಲ ಹೇಳಿದೆ. ಟೀಚರ್ ನಡುವೆ ಬಾಯಿ ಹಾಕಲಿಲ್ಲ.

"ನೀವು ಹೇಳೋದು ಕೇಳಿದ್ರೆ ಇದು ಆಟಿಸಂ ಇರಬಹುದು," ಎಂದರು. "ನಾನು ಡಾಕ್ಟರ್ ಅಲ್ಲ, ತೋರಿಸಿ ಖಚಿತ ಮಾಡಿಕೊಳ್ಳೋಣ. ಇದು ರೋಗ ಅಲ್ಲ, ಅಂಟೋದೂ ಅಲ್ಲ. ಅವಳ ಮಿದುಳು ಕೆಲಸ ಮಾಡೋ ರೀತಿ ಬೇರೆ. ನಮಗೆ ಕೇಳಿಸದ ಶಬ್ದ ಅವಳಿಗೆ ಗುಡುಗು. ನಮಗೆ ತಿಳಿಯದ ಹೊಲಿಗೆ ಅವಳಿಗೆ ಮುಳ್ಳು. ಕೆಲವು ಮಕ್ಕಳಿಗೆ ಒಂದು ಕಡೆ ಕೂರೋಕಾಗಲ್ಲ, ಕೆಲವರಿಗೆ ಅಕ್ಷರ ಕಣ್ಣ ಮುಂದೆ ನಿಲ್ಲಲ್ಲ. ಎಲ್ಲರೂ ಬೇರೆ ಬೇರೆ. ಆದರೆ ರಜೆ ಮುಗಿಸಿ ವಾಪಸ್ ಹೋಗೋದು ಇವರೆಲ್ಲರಿಗೂ ತುಂಬ ಕಷ್ಟ."

ಅತ್ತೆ ಕದದ ಹಿಂದೆ ನಿಂತು ಕೇಳುತ್ತಿದ್ದವರು ಹೊರಗೆ ಬಂದರು. "ಅಲ್ಲಮ್ಮ, ನಾವೂ ಮಕ್ಕಳನ್ನ ಹೆತ್ತಿದೀವಿ. ಏಟು ತಿನ್ನದೆ ಯಾವ ಮಗು ಸ್ಕೂಲಿಗೆ ಹೋಗಿದೆ? ಇದು ಬರೀ ಹಠ."

ಟೀಚರ್ ನನ್ನ ಕಡೆ ತಿರುಗಿದರು. "ನೀವು ಎಲ್ಲ ಬಟ್ಟೆಗೂ ಒಂದೇ ಸೂಜಿ ಹಾಕ್ತೀರಾ?"

"ಅದು ಹೇಗಾಗುತ್ತೆ? ತೆಳು ಬಟ್ಟೆಗೆ ದಪ್ಪ ಸೂಜಿ ಹಾಕಿದ್ರೆ ತೂತು ಬೀಳುತ್ತೆ."

"ತೂತು ಬಿದ್ರೆ ಬಟ್ಟೆಗೆ ಹಠ ಅಂತೀರಾ?"

ನಾನು ಮೆಷಿನ್ನಿನ ಸೂಜಿಯನ್ನೇ ನೋಡಿದೆ. ಅತ್ತೆ ಸುಮ್ಮನಾಗಲಿಲ್ಲ. ಸುಮ್ಮನಾದರೆ ಅವರು ನಮ್ಮತ್ತೆಯೇ ಅಲ್ಲ. "ಇದಕ್ಕೊಂದು ಹೆಸರಿಟ್ಟುಕೊಂಡು ಬಂದ್ರೆ ನಾಳೆ ಬೀದಿಯವರು ಆಡಿಕೊಳ್ಳಲ್ವಾ? ಹೆಣ್ಣುಮಗು ಬೇರೆ."

"ಈಗ ಬೀದಿಯವರು ಅವಳನ್ನ ಏನಂತ ಕರೀತಾರೆ ಅಜ್ಜಿ?"

ಅತ್ತೆ ಜಾರದ ಸೆರಗನ್ನು ಸರಿಮಾಡಿಕೊಂಡರು. ಮೇಜಿನ ಕೆಳಗಿನಿಂದ ಇರುವೆಯೇ ಹೇಳಿದಳು:

"ಮೊಂಡಿ. ಹುಚ್ಚಿ."

ಅತ್ತೆ ಒಳಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಒಳಗೆ ಹೋದರು.

ಟೀಚರ್ ಅಂದು ನನಗೆ ಒಂದು ಹಾಳೆ ಕೊಟ್ಟರು. "ಹೊಸ ಮೇಷ್ಟ್ರಿಗೆ ನಿಮ್ಮ ಮಗಳ ಬಗ್ಗೆ ಒಂದು ಪುಟ ಬರೆದುಕೊಡಿ. ಏನು ಇಷ್ಟ, ಏನು ತಡೆಯೋಕಾಗಲ್ಲ, ಗಾಬರಿಯಾದ್ರೆ ಏನು ಮಾಡಬೇಕು. ಅಷ್ಟು ಸಾಕು."

ಬರೆಯಲು ಕೂತೆ. ಏನು ಆಗುವುದಿಲ್ಲ ಎನ್ನುವುದು ಅರ್ಧ ಪುಟ ತುಂಬಿತು. ಏನು ಇಷ್ಟ ಎನ್ನುವಲ್ಲಿ ಪೆನ್ನು ನಿಂತಿತು. ಗುಂಡಿ ಎಂದು ಬರೆದೆ. ಮುಂದೆ ಗೊತ್ತಾಗಲಿಲ್ಲ. ಒಂಬತ್ತು ವರ್ಷ ಸಾಕಿದ ತಾಯಿಗೆ ಗೊತ್ತಾಗಲಿಲ್ಲ. ಕೊನೆಗೆ ತಮ್ಮನನ್ನು ಕೇಳಿದೆ. ಅವನು ಮೆಷಿನ್ ಒರೆಸುತ್ತಲೇ ಹೇಳುತ್ತ ಹೋದ.

"ಗೋಡೆ ಪಕ್ಕ ಕೂತರೆ ಧೈರ್ಯ. ಹಿಂದೆ ಯಾರೂ ಇರಬಾರದು. ಮುಟ್ಟೋ ಮುಂಚೆ ಹೇಳಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡು ಅನ್ನಬಾರದು, ನೋಡಿದ್ರೆ ಕಿವಿ ಕೇಳಿಸಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ಗಾಬರಿಯಾದಾಗ ಮಾತು ಕಡಿಮೆ ಮಾಡಬೇಕು, ಜೋರು ಮಾಡಬಾರದು."

ನಾನು ಬರೆದೆ. ಅವನು ಮಗುವಿನದು ಹೇಳುತ್ತಿದ್ದಾನೋ ತನ್ನದು ಹೇಳುತ್ತಿದ್ದಾನೋ ಎಂದು ಕೇಳುವ ಧೈರ್ಯವಾಗಲಿಲ್ಲ.

ಶರ್ಟು ಬಿಚ್ಚಿ ಮತ್ತೆ ಹೊಲಿದೆ. ಕಾಲರಿನಿಂದ ಕ್ಯಾನ್ವಾಸ್ ತೆಗೆದೆ. ಕತ್ತಿನ ಹಿಂದಿನ ಲೇಬಲ್ ಕಿತ್ತೆ. ಒಳಗಿನ ಹೊಲಿಗೆಯ ಅಂಚನ್ನು ಮೆತ್ತಗಿನ ಹಳೆ ಬಟ್ಟೆಯಿಂದ ಮುಚ್ಚಿದೆ. ದಿನಾ ಒಗೆದು ಒಗೆದು ಬಟ್ಟೆಯ ಗಂಜಿ ಬಿಡಿಸಿದೆ. ಹೊರಗಿನಿಂದ ನೋಡಿದರೆ ಎಲ್ಲರ ಶರ್ಟಿನ ಹಾಗೆಯೇ ಇತ್ತು. ಹೊಲಿಗೆಯದು ಅರ್ಧ ದಿನದ ಕೆಲಸ ಅಷ್ಟೇ. ಇಡೀ ಊರಿಗೆ ಹೊಲಿದುಕೊಟ್ಟವಳು ನನ್ನ ಮನೆಯಲ್ಲಿ ಇದನ್ನು ಮಾಡಿರಲಿಲ್ಲ.

ಏಳುವ ಹೊತ್ತು, ಊಟದ ಹೊತ್ತು, ಚೀಲ ತೆಗೆದಿಡುವ ಹೊತ್ತನ್ನು ಮೂರು ವಾರ ಮುಂಚೆಯೇ ಶಾಲೆಯ ದಿನದ ಹಾಗೆ ನಿಧಾನವಾಗಿ ಬದಲಿಸುತ್ತ ಬಂದೆವು. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ನನ್ನ ಚಿತ್ರದಲ್ಲಿ ಶಾಲೆ ಕೋಳಿಗೂಡಿನ ಹಾಗೆ ಕಾಣುತ್ತಿತ್ತು. ಇರುವೆ ಅದನ್ನು ಅಳಿಸಿ ತಾನೇ ಬರೆದಳು, ಕಿಟಕಿ ಎಷ್ಟಿವೆಯೋ ಅಷ್ಟೂ.

ಶಾಲೆ ತೆರೆಯಲು ಹತ್ತು ದಿನ ಇರುವಾಗ ಸೈಕಲ್ ಟೀಚರ್ ನಮ್ಮನ್ನು ಖಾಲಿ ಶಾಲೆಗೆ ಕರೆದುಕೊಂಡು ಹೋದರು. ಹೊಸ ತರಗತಿ, ಹೊಸ ಮೇಷ್ಟ್ರು, ನೀರಿನ ನಲ್ಲಿ, ಶೌಚಾಲಯ, ಎಲ್ಲ ತೋರಿಸಿದೆವು. ಅವಳು ಗೋಡೆ ಪಕ್ಕದ ಒಂದು ಬೆಂಚು ಆರಿಸಿಕೊಂಡಳು. ಹೆಡ್‌ಮಾಸ್ಟರು ಮಾತ್ರ ಕೈ ಕಟ್ಟಿ ನಿಂತಿದ್ದರು.

"ಒಂದು ಮಗುಗೋಸ್ಕರ ಗಂಟೆ ಹೊಡೆಯೋದು ಬಿಡೋಕಾಗುತ್ತಾ?" ಎಂದರು.

"ಬಿಡೋದು ಬೇಡ ಸರ್," ಎಂದರು ಟೀಚರ್. "ಹೊಡೆಯೋದು ಅವಳಿಗೆ ಮುಂಚೆ ತಿಳಿದಿರಲಿ, ಸಾಕು. ಗಾಬರಿಯಾದ್ರೆ ಹೋಗಿ ಕೂರೋಕೆ ಒಂದು ಸದ್ದಿಲ್ಲದ ಜಾಗ ಇರಲಿ."

ಹೊಸ ಮೇಷ್ಟ್ರು ಇನ್ನೂ ಎಳೆ ವಯಸ್ಸಿನವರು. ನನ್ನ ಒಂದು ಪುಟವನ್ನು ಎರಡು ಸಲ ಓದಿದರು. "ನಾನು ಗಂಟೆಗೆ ಐದು ನಿಮಿಷ ಮುಂಚೆ ಮೇಜಿನ ಮೇಲೆ ಕೆಂಪು ರಟ್ಟು ನಿಲ್ಲಿಸ್ತೀನಿ. ಭೂಪಟ ಇಡೋ ಕೋಣೆ ಖಾಲಿ ಇದೆ, ಅಲ್ಲಿ ಕೂರಲಿ," ಎಂದರು.

ಎಲ್ಲ ಸರಿಯಾಗುತ್ತಿದೆ ಎನ್ನುವಾಗ ನಾನೇ ಕೆಡಿಸಿದೆ. ಅಭ್ಯಾಸವಾಗಲಿ ಎಂದು ಹೊರಗಿದ್ದ ಗಂಟೆಯನ್ನು ನಾನು ಒಂದು ಏಟು ಹೊಡೆದುಬಿಟ್ಟೆ. ಯಾರಿಗೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಇರುವೆ ಕಿರುಚಿ ಓಡಿದಳು. ನಾನು ಅಟ್ಟಿಸಿಕೊಂಡು ಹೋಗಿ ಮೆಟ್ಟಿಲ ಹತ್ತಿರ ಅವಳ ಮಣಿಕಟ್ಟು ಹಿಡಿದೆ. ಗಟ್ಟಿಯಾಗಿ ಹಿಡಿದೆ. ಹಿಡಿದ ನನ್ನ ಕೈಯನ್ನು ನಾನೇ ನೋಡಿದೆ. ಹನ್ನೊಂದು ವರ್ಷದ ಹುಡುಗಿಯ ಹಿಡಿತ ಅದು, ಹಾಗೇ ಉಳಿದುಕೊಂಡಿತ್ತು.

ಬಿಟ್ಟುಬಿಟ್ಟೆ. ಮೆಟ್ಟಿಲ ಮೇಲೆ ಕೂತೆ. ಅವಳೂ ದೂರದಲ್ಲಿ ಕೂತಳು. "ತಪ್ಪಾಯ್ತು. ಹೇಳದೆ ಹೊಡೆದೆ. ಇನ್ನು ಹೊಡೆಯಲ್ಲ," ಎಂದೆ. ಅವಳು ಮನೆಗೆ ಹೋಗುವವರೆಗೂ ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ಮತ್ತೆ ನಾಲ್ಕು ದಿನ ಶಾಲೆಯ ಮಾತೆತ್ತಲಿಲ್ಲ. ನಾವೂ ಎತ್ತಲಿಲ್ಲ. ಐದನೇ ದಿನ ಅವಳೇ ಗೋಡೆಯ ಚಿತ್ರದ ಮುಂದೆ ನಿಂತು, "ಗಂಟೆ ಎಲ್ಲಿ?" ಎಂದಳು. ಗಂಟೆಯ ಚಿತ್ರ ಸೇರಿಸಲು ನಾನು ಮರೆತಿದ್ದೆ. ಅವಳೇ ಸೇರಿಸಿದಳು, ಅದರ ಮುಂಚೆ ಒಂದು ಕೆಂಪು ಚೌಕವನ್ನೂ.

ಶಾಲೆ ತೆರೆದ ದಿನ ಗದ್ದಲ ಕಡಿಮೆಯಾದ ಮೇಲೆ ಹೋದೆವು. ಗೇಟಿನ ಹತ್ತಿರ ನಿಂತಳು. ನಾನು ಎಳೆಯಲಿಲ್ಲ, ತಳ್ಳಲಿಲ್ಲ. ಸಾಕಷ್ಟು ಹೊತ್ತಾಯಿತು. ಮೇಷ್ಟ್ರು ಬಾಗಿಲಿಗೆ ಬಂದು ನಿಂತರು, ಕರೆಯಲಿಲ್ಲ. ಆಮೇಲೆ ಅವಳು ಒಳಗೆ ಹೋದಳು. ಮೊದಲೇ ಮಾತಾಡಿಕೊಂಡ ಹಾಗೆ ಎರಡು ಗಂಟೆಯ ನಂತರ ಕರೆತಂದೆ.

ಮನೆಗೆ ಬಂದವಳೇ ಮೇಜಿನ ಕೆಳಗೆ ಹೋಗಿ ಮಲಗಿದಳು. 'ಇಡೀ ಹೊತ್ತು ತಡೆದುಕೊಂಡು ಬಂದಿರ್ತಾಳೆ. ಬಂದ ಕೂಡಲೇ ಪ್ರಶ್ನೆ ಕೇಳಬೇಡಿ' ಎಂದು ಟೀಚರ್ ಹೇಳಿದ್ದರು. ಪ್ರಶ್ನೆಗಳನ್ನು ತಡೆಯುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತು ಬಂದ ಗಿರಾಕಿಗಳಿಗೆಲ್ಲ, "ಮಗು ಸ್ಕೂಲಿಂದ ಬಂದಿದೆ. ಅರ್ಧ ಗಂಟೆ ಬಾಯಿಗೆ ಗುಂಡಿ ಹಾಕ್ಕೊಂಡು ಬನ್ನಿ," ಎಂದು ಹೇಳತೊಡಗಿದರು. ಒಬ್ಬಳು "ಏನಾಗಿದೆ ಮಗುಗೆ?" ಎಂದು ದನಿ ತಗ್ಗಿಸಿ ಕೇಳಿದಳು. "ಏನೂ ಆಗಿಲ್ಲ. ಆಗಿದ್ದೆಲ್ಲ ನಮಗೆ, ಇಷ್ಟು ದಿನ ಅರ್ಥ ಆಗಿರಲಿಲ್ಲ," ಎಂದರು ಅತ್ತೆ.

ಎರಡು ಗಂಟೆ ಮೂರಾಯಿತು. ಮೂರು ಗಂಟೆ ಅರ್ಧ ದಿನವಾಯಿತು. ಒಂಬತ್ತನೇ ದಿನ ಹೋಗಲೇ ಇಲ್ಲ. ಹತ್ತನೇ ದಿನ ಹೋದಳು. ಕೆಂಪು ರಟ್ಟನ್ನು ಈಗ ಇಡೀ ತರಗತಿಯೇ ನೋಡುತ್ತದಂತೆ. ಕಿಟಕಿ ಪಕ್ಕದ ಹುಡುಗನೊಬ್ಬನೂ ಕಿವಿ ಮುಚ್ಚಿಕೊಳ್ಳುತ್ತಾನಂತೆ. ಅವನಿಗೂ ಕಷ್ಟವಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಎರಡನೇ ತಿಂಗಳು ಮೇಷ್ಟ್ರು ನನಗೆ ಹೇಳಿದರು: "ಇವತ್ತು ಮಾತಾಡಿದಳು. 'ಸರ್, ಸೀಮೆಸುಣ್ಣ ಕೀರಲು ಸದ್ದು ಮಾಡ್ತಿದೆ' ಅಂದಳು. ಬದಲಾಯಿಸಿದೆ."

ಆ ಸಂಜೆ ನಾನು ತಮ್ಮನ ಕೋಣೆಗೆ ಹೋದೆ. ಬಿಚ್ಚಿಟ್ಟ ಮೆಷಿನ್ನಿನ ಮುಂದೆ ಕೂತಿದ್ದ.

"ನಿನ್ನ ಕೈಗೆ ಬೆಲ್ಟ್ ಕಟ್ಟಬಾರದಿತ್ತು ಕಣೋ. ತಪ್ಪಾಯ್ತು."

"ಆಗ ನಿನಗೂ ಹನ್ನೊಂದೇ ವರ್ಷ," ಎಂದ.

"ಆದ್ರೂ."

"ಹ್ಞೂಂ. ಆದ್ರೂ ನೋವಾಗಿತ್ತು."

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ನಾನು ಸಮಾಧಾನದ ಮಾತಿಗೆ ಕಾದೆ. ಬರಲಿಲ್ಲ. ದೊಡ್ಡವರಿಗೂ ಓದಿಸುವ ವ್ಯವಸ್ಥೆ ಇದೆಯಂತೆ, ಸೈಕಲ್ ಟೀಚರ್ ಹೇಳಿದರು, ಈಗಲಾದರೂ ಓದುತ್ತೀಯಾ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಸ್ಕ್ರೂ ತಿರುಗಿಸಿ ತಿರುಗಿಸಿ ನೋಡಿದ.

"ಬೇಡ ಅಕ್ಕ. ಆ ಸ್ಕೂಲಿರೋ ಬೀದಿಗೆ ನಾನು ಇವತ್ತೂ ಹೋಗಲ್ಲ. ಸುತ್ತು ಹಾಕಿಕೊಂಡು ಹೋಗ್ತೀನಿ."

ಒಂದೇ ಊರಿನಲ್ಲಿ, ನನ್ನ ತಮ್ಮ ಇಪ್ಪತ್ತೈದು ವರ್ಷದಿಂದ ಒಂದು ಬೀದಿಯನ್ನು ತಪ್ಪಿಸಿ ಓಡಾಡುತ್ತಿದ್ದಾನೆ. ನನಗೆ ಅದು ಅಂದು ತಿಳಿಯಿತು. ನಾನು ಅವನ ಪಕ್ಕದಲ್ಲಿ ಕೂತೆ. ಕತ್ತಲಾಗುವ ಮುಂಚೆ ಎದ್ದು ಬಂದೆ.

ಇದನ್ನು ಕೇಳುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಮೇಷ್ಟ್ರುಗಳೇ, ಟೀಚರುಗಳೇ. ನಿಮ್ಮ ಮನೆಯಲ್ಲಿ, ನಿಮ್ಮ ತರಗತಿಯಲ್ಲಿ ರಜೆ ಮುಗಿದರೆ ನಡುಗುವ ಒಂದು ಮಗು ಇರಬಹುದು. ಅದನ್ನು ಬೈಯುವ ಮುಂಚೆ ಒಂದು ಸಲ ಅದರ ಪಕ್ಕ ಕೂತು ಎಲ್ಲಿ ನೋವು, ಯಾವ ಸದ್ದು, ಯಾವ ಹೊತ್ತು ಎಂದು ಕೇಳಿ. ಬಾಯಲ್ಲಿ ಹೇಳಲಾಗದಿದ್ದರೆ ಗಮನಿಸಿ ನೋಡಿ. ಶಾಲೆ ತೆರೆಯುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ ಖಾಲಿ ಕೋಣೆ ತೋರಿಸಿ, ಟೀಚರನ್ನು ಭೇಟಿ ಮಾಡಿಸಿ. ಮಗುವಿನ ಬಗ್ಗೆ ಒಂದು ಪುಟ ಬರೆದುಕೊಡಿ. ಮೊದಲ ದಿನಗಳು ಚಿಕ್ಕವಾಗಿರಲಿ. ಸಂದೇಹವಿದ್ದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಹೆಸರಿಗೆ ಹೆದರಬೇಡಿ. ಮೇಷ್ಟ್ರುಗಳೇ, ಒಂದು ಕೆಂಪು ರಟ್ಟು, ಗೋಡೆ ಪಕ್ಕದ ಒಂದು ಜಾಗ, ಬಯ್ಯದೆ ಕಾಯುವ ಐದು ನಿಮಿಷ, ಇಷ್ಟು ನಿಮ್ಮ ಕೈಯಲ್ಲಿದೆ.

ಮಕ್ಕಳು ಹೇಳುತ್ತಾರೆ. ನಮಗೆ ಕೇಳಿಸುವ ಭಾಷೆಯಲ್ಲಿ ಹೇಳುವುದಿಲ್ಲ, ಅಷ್ಟೇ. ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳಬಹುದು. ಹೇಳಿಕೊಂಡೇ ಇಷ್ಟು ದಿನ ಬದುಕಿದೆ. ಆದರೆ ಇಷ್ಟು ಕೇಳಿದ ಮೇಲೆ, ಇನ್ನು ನೀವು ಹಾಗೆ ಹೇಳುವಂತಿಲ್ಲ.